ಬಡವ ಜಿಪುಣನಾದದ್ದು ಹೇಗೆ?

ಸ್ಪ್ಯಾನಿಷ್ ನಿಘಂಟಿನಲ್ಲಿ ‘ಮೆಸ್ಕಿನೊ’ ಎಂಬ ಗುಣವಾಚಕವಿದೆ. ಗಂಡಸಿಗೆ ಹೇಳುವಾಗ ಮೆಸ್ಕಿನೊ, ಹೆಂಗಸಿಗೆ ಹೇಳುವಾಗ ಮೆಸ್ಕಿನಾ. ಅದಕ್ಕೆ ಇಂಗ್ಲಿಷ್ ಅರ್ಥ ಹುಡುಕಿದರೆ ಒಂದಲ್ಲ, ನಾಲ್ಕೈದು ಸಿಗುತ್ತವೆ: ಮೀನ್, ಸ್ಟಿಂಜಿ, ಪೆಟ್ಟಿ, ಪಾಲ್ಟ್ರಿ. ಯಾವುದನ್ನು ಆರಿಸಬೇಕೆಂಬುದನ್ನು ಪಕ್ಕದ ನಾಮಪದವೇ ಹೇಳಬೇಕು. ಮನುಷ್ಯನಿಗೆ ಸೇರಿದರೆ ಜಿಪುಣ. ನಡತೆಗೆ ಸೇರಿದರೆ ಸಣ್ಣತನ. ಸಂಬಳಕ್ಕೆ ಸೇರಿದರೆ ಪುಡಿಗಾಸು. ಮೆಕ್ಸಿಕೊ, ಕೊಲಂಬಿಯಾಗಳ ಕಡೆ ಚರ್ಮದ ಮೇಲೆ ಏಳುವ ನರಹುಲಿಗೂ ಅದೇ ಹೆಸರು. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಇವುಗಳ ಜೊತೆಗೆ, ಈಗ ಬಳಕೆ ತಪ್ಪಿದ ಇನ್ನೊಂದು ಅರ್ಥವನ್ನೂ ಕೊಡುತ್ತದೆ: ಬಡವ, ಗತಿಯಿಲ್ಲದವ.

ಬಳಕೆ ತಪ್ಪಿರುವ ಈ ಅರ್ಥವೇ ಹುಟ್ಟಿನಿಂದ ಮೊದಲನೆಯದು. ಅದು ಇನ್ನೂ ಜೀವಂತವಾಗಿರುವ ಜಾಗ ನೋಡಬೇಕಾದರೆ ನಮ್ಮ ಕಲಬುರಗಿ ಜಿಲ್ಲೆಗೇ ಬರಬಹುದು. ಶಹಾಬಾದ್, ವಾಡಿ, ಚಿತ್ತಾಪುರಗಳಲ್ಲಿ ಉರ್ದು ಆಡುವ ಮನೆಗಳಲ್ಲಿ ‘ಮಿಸ್ಕೀನ್’ ಎಂದರೆ ಬಡವ, ಪಾಪದವ, ಯಾರ ತಂಟೆಗೂ ಹೋಗದವ. ಸ್ಪೇನಿನ ಮೆಸ್ಕಿನೊ ಮತ್ತು ಶಹಾಬಾದಿನ ಮಿಸ್ಕೀನ್ ಒಂದೇ ಅರಬ್ಬಿ ಪದದ ಎರಡು ಕವಲು. ಒಂದು ಕವಲಿನಲ್ಲಿ ಬಡವ ಬಡವನಾಗಿಯೇ ಉಳಿದ. ಇನ್ನೊಂದರಲ್ಲಿ ಜಿಪುಣನಾದ, ನೀಚನಾದ, ಕೊನೆಗೆ ನರಹುಲಿಯೂ ಆದ.

ಕೈಯಲ್ಲಿ ಕಾಸಿಲ್ಲದಿರುವುದು ಒಂದು ಸ್ಥಿತಿ. ಕೈ ಬಿಚ್ಚದಿರುವುದು ಒಂದು ಸ್ವಭಾವ. ಸ್ಥಿತಿಯ ಹೆಸರು ಸ್ವಭಾವದ ಹೆಸರಾಗುವುದು ಹೇಗೆ? ಭಾಷಾಶಾಸ್ತ್ರಜ್ಞರಿಗಷ್ಟೇ ಬೇಕಾದ ಪ್ರಶ್ನೆ ಇದಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯವರ ಹಣೆಗೂ ಇಂಥದೇ ಒಂದು ಗುಣವಾಚಕ ಅಂಟಿದೆ.

ಬ್ಯಾಬಿಲೋನಿನಿಂದ ಹೊರಟ ಪದ

ಮಿಸ್ಕೀನ್ ಪದದ ಬೇರು ಅರಬ್ಬಿಗಿಂತಲೂ ಹಳೆಯದು. ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ‘ಮುಶ್ಕೇನುಮ್’ ಅದರ ಮೂಲ. ಬಾಗಿ ನಮಸ್ಕರಿಸು ಎಂಬ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ತಲೆಬಾಗುವವನು ಎಂಬ ಅರ್ಥ. ಕ್ರಿಸ್ತಪೂರ್ವ 18ನೇ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ ಅದು ಒಂದು ಇಡೀ ವರ್ಗದ ಹೆಸರು: ಮೇಲೆ ಪೂರ್ಣ ಹಕ್ಕಿನ ಪ್ರಜೆ, ಕೆಳಗೆ ಗುಲಾಮ, ನಡುವೆ ಮುಶ್ಕೇನುಮ್. ಪ್ರಜೆಯೊಬ್ಬನ ಕಣ್ಣು ಕಿತ್ತವನ ಕಣ್ಣನ್ನೂ ಕೀಳಬೇಕೆಂದು ಆ ಕಾನೂನು ಹೇಳುತ್ತದೆ. ಮುಶ್ಕೇನುಮ್‌ನ ಕಣ್ಣು ಕಿತ್ತರೆ ಒಂದು ಮಿನಾ ಬೆಳ್ಳಿ ತೆತ್ತರೆ ಸಾಕು. ಮನುಷ್ಯನಿಗೆ ಯಾವ ಹೆಸರು ಹಚ್ಚಲಾಗಿದೆ ಎಂಬುದರ ಮೇಲೆ ಅವನ ಕಣ್ಣಿನ ಬೆಲೆ ನಿಲ್ಲುತ್ತಿತ್ತು.

ಅರಬ್ಬಿಗೆ ಬಂದಾಗ ಈ ಪದಕ್ಕೆ ದೊಡ್ಡ ಗೌರವ ದಕ್ಕಿತು. ಜಕಾತ್ ಎಂಬ ಕಡ್ಡಾಯ ದಾನ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಹೇಳುವ ಎಂಟು ವರ್ಗಗಳಲ್ಲಿ ಮೊದಲೆರಡು ಫಕೀರರು ಮತ್ತು ಮಿಸ್ಕೀನರು. ಇಬ್ಬರಲ್ಲಿ ಹೆಚ್ಚು ಬಡವರು ಯಾರು ಎಂದು ಧರ್ಮಶಾಸ್ತ್ರಜ್ಞರು ಶತಮಾನಗಟ್ಟಲೆ ಚರ್ಚಿಸಿದರು. ಮನೆಮನೆಗೆ ಹೋಗಿ ತುತ್ತು ಬೇಡುವವನಲ್ಲ, ಇಲ್ಲದಿದ್ದರೂ ಬಾಯಿಬಿಟ್ಟು ಕೇಳದವನೇ ನಿಜವಾದ ಮಿಸ್ಕೀನ್ ಎಂದು ಪ್ರವಾದಿಯವರ ಒಂದು ಹದೀಸ್ ವಿವರಿಸುತ್ತದೆ. ಅಲ್ಲಿ ಮಿಸ್ಕೀನ್ ಎನ್ನುವುದು ಬೈಗುಳವಾಗಿರಲಿಲ್ಲ. ಸಮಾಜ ತೀರಿಸಬೇಕಾದ ಬಾಕಿಯ ಹೆಸರಾಗಿತ್ತು.

711ರಲ್ಲಿ ಅರಬ್ಬರು ಸ್ಪೇನಿಗೆ ಕಾಲಿಟ್ಟರು. 1492ರಲ್ಲಿ ಗ್ರನಾಡಾ ಬೀಳುವ ಹೊತ್ತಿಗೆ ಸಾವಿರಾರು ಅರಬ್ಬಿ ಪದಗಳು ಸ್ಪ್ಯಾನಿಷಿನಲ್ಲಿ ಬೆರೆತುಹೋಗಿದ್ದವು. ಮಧ್ಯಯುಗದ ಸ್ಪೇನಿನಲ್ಲಿ ಭೂಮಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಜೀತದ ರೈತರಿಗೂ ಮೆಸ್ಕಿನೊ ಎನ್ನುತ್ತಿದ್ದರು. ಅಲ್ಲಿಂದ ಮುಂದಿನ ಇಳಿಜಾರು ಸುಲಭ. ಜೀತದವನ ಮನೆಯಲ್ಲಿ ಊಟ ಅಳತೆಯದು, ಉಡುಪು ಹರಕು, ಅತಿಥಿಗೆ ಕೊಡಲು ಏನಿಲ್ಲ. ನೋಡುವ ಯಜಮಾನ ಅದನ್ನು ಇಲ್ಲದವನ ಕಷ್ಟವೆಂದು ಓದಲಿಲ್ಲ, ಕೊಡಲಾರದವನ ಗುಣವೆಂದು ಓದಿದ. ನಿಘಂಟಿಗೆ ಅರ್ಥ ಬರೆದವರು ಯಜಮಾನರ ಮಾತನ್ನು ಕೇಳಿದವರು.

ನಮ್ಮ ಕಡೆಗೆ ಅದೇ ಪದ ಪರ್ಷಿಯಾ, ದೆಹಲಿಗಳ ದಾರಿ ಹಿಡಿದು ಬಂತು. 1347ರಲ್ಲಿ ಬಹಮನಿಗಳು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಮುಂದೆ ಸೂಫಿ ಸಂತ ಖ್ವಾಜಾ ಬಂದೇ ನವಾಜರು ಇಲ್ಲಿಗೆ ಬಂದು ನೆಲೆಸಿದರು. ಸೂಫಿಗಳ ಬಾಯಲ್ಲಿ ಮಿಸ್ಕೀನ್ ಎನ್ನುವುದು ವಿನಯದ ಮಾತು. ದರ್ಗಾದ ಲಂಗರಿನಲ್ಲಿ ಮೊದಲ ತಟ್ಟೆ ಅವನದು. ಆದ್ದರಿಂದಲೇ ಇಲ್ಲಿ ಪದ ಕೆಡಲಿಲ್ಲ. ಪೋರ್ಚುಗೀಸರು ಅದೇ ಪದದ ತಮ್ಮ ರೂಪವನ್ನು ಹಡಗಿನಲ್ಲಿ ಹೊತ್ತು 1510ರಲ್ಲಿ ಬಿಜಾಪುರದವರಿಂದ ಗೋವೆಯನ್ನು ಕಿತ್ತುಕೊಂಡರು. ಬ್ಯಾಬಿಲೋನಿನಿಂದ ಹೊರಟ ಒಂದೇ ಪದದ ಎರಡು ಕವಲುಗಳು, ಒಂದು ನೆಲದ ದಾರಿಯಿಂದ, ಒಂದು ಕಡಲ ದಾರಿಯಿಂದ, ದಖನ್ನಿನ ಎರಡು ಅಂಚುಗಳಿಗೆ ಬಂದು ತಲುಪಿದವು.

ಮಿತವಾಗಿ ಬೇಯಿಸುವವನು

ಇದು ಸ್ಪ್ಯಾನಿಷ್ ಒಂದರ ಕಾಯಿಲೆಯಲ್ಲ. ಇಂಗ್ಲಿಷಿನ ‘ಮೈಸರ್’ ನೋಡಿ. ಅದರ ಲ್ಯಾಟಿನ್ ಮೂಲದಲ್ಲಿ ದುಃಖಿ, ದೀನ ಎಂಬ ಅರ್ಥ, ಇಂಗ್ಲಿಷಿನಲ್ಲಿ ಜಿಪುಣ. ಅದೇ ಇಂಗ್ಲಿಷಿನ ‘ಮೀನ್’ ಎಂಬ ಗುಣವಾಚಕಕ್ಕೆ ಮೊದಲು ಎಲ್ಲರಿಗೂ ಸೇರಿದ, ಸಾಮಾನ್ಯ ಎಂಬ ಅರ್ಥವಿತ್ತು. ಸಾಮಾನ್ಯ ಕೀಳಾಯಿತು, ಕೀಳು ಜಿಪುಣವಾಯಿತು. ಜಮೀನ್ದಾರನ ತೋಟದಲ್ಲಿ ದುಡಿಯುವ ಹಳ್ಳಿಗನಿಗೆ ಇದ್ದ ಲ್ಯಾಟಿನ್ ಹೆಸರಿನಿಂದ ಇಂಗ್ಲಿಷಿನ ‘ವಿಲನ್’ ಹುಟ್ಟಿದ. ನಾವು ಸಿನಿಮಾದಲ್ಲಿ ನೋಡುವ ಖಳನ ಪೂರ್ವಜ ಒಬ್ಬ ಕೂಲಿಯಾಳು.

ನಮ್ಮ ಮನೆಯ ಮಾತೇನು? ಕನ್ನಡದಲ್ಲಿ ಕೃಪಣ ಎಂದರೆ ಜಿಪುಣ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಮರುಕಕ್ಕೆ ಪಾತ್ರನಾದವನು. ಕೃಪೆ ಮತ್ತು ಕೃಪಣ ಒಂದೇ ಧಾತುವಿನ ಮಕ್ಕಳು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನ ತನ್ನನ್ನು ಹಿಡಿದ ಕಾರ್ಪಣ್ಯದ ಮಾತಾಡುತ್ತಾನೆ. ಅವನನ್ನು ಕಾಡಿದ್ದು ದೈನ್ಯವೇ ಹೊರತು ಜಿಪುಣತನವಲ್ಲ. ಕೃಪೆಗೆ ಪಾತ್ರನಾಗಬೇಕಾದವನನ್ನೇ ಕೃಪೆಯಿಲ್ಲದವನು ಎಂದು ಕರೆಯುವ ಮಟ್ಟಿಗೆ ಪದ ಬೆನ್ನು ತಿರುಗಿಸಿದೆ.

ಅಮರಕೋಶದಲ್ಲಿ ಗುಣವಾಚಕಗಳಿಗೇ ಮೀಸಲಾದ ವಿಶೇಷ್ಯನಿಘ್ನವರ್ಗ ಎಂಬ ಭಾಗವಿದೆ. ವಿಶೇಷ್ಯಕ್ಕೆ ಅಧೀನವಾದ ಪದಗಳು ಎಂದರ್ಥ. ಜಿಪುಣನಿಗೆ ಅಲ್ಲಿ ಕೊಟ್ಟಿರುವ ಪರ್ಯಾಯಗಳು ಕದರ್ಯ, ಕೃಪಣ, ಕ್ಷುದ್ರ, ಕಿಂಪಚಾನ, ಮಿತಂಪಚ. ಕೊನೆಯ ಎರಡರ ಮುಂದೆ ಸ್ವಲ್ಪ ನಿಲ್ಲಬೇಕು. ಎರಡೂ ಅಡುಗೆಮನೆಯಿಂದ ಬಂದವು. ಮಿತಂಪಚ ಎಂದರೆ ಅಳತೆ ಮಾಡಿ ಬೇಯಿಸುವವನು. ಕಿಂಪಚಾನ ಎಂದರೆ ಬೇಯಿಸಿದರೂ ಏನು ಬೇಯಿಸಿಯಾನು ಎನಿಸಿಕೊಳ್ಳುವವನು. ಮಳೆ ಕೈಕೊಟ್ಟ ವರ್ಷ ಚಿಂಚೋಳಿಯ ತಾಂಡಾದ ಹೆಂಗಸೊಬ್ಬಳು ಜೋಳದ ಹಿಟ್ಟನ್ನು ಮುಷ್ಟಿಯಲ್ಲಿ ಅಳೆಯುತ್ತಾಳೆ. ನಾಲ್ಕು ರೊಟ್ಟಿ ಸುಟ್ಟು, ಮಕ್ಕಳಿಗೆ ಹಂಚಿ, ಉಳಿದರೆ ತಾನು ತಿನ್ನುತ್ತಾಳೆ. ಆಕೆಯೂ ಮಿತಂಪಚಳೇ. ಕಣಜ ತುಂಬಿದ್ದೂ ಅಳೆಯುವವನಿಗೂ ಬರಿದಾದ ಡಬ್ಬಿಯಿಂದ ಅಳೆಯುವವಳಿಗೂ ಕೋಶದಲ್ಲಿ ಒಂದೇ ಪದ. ವ್ಯತ್ಯಾಸ ತಿಳಿಯಬೇಕಾದರೆ ಕೋಶ ಮುಚ್ಚಿ ಅಡುಗೆಮನೆಯ ಡಬ್ಬಿ ತೆರೆದು ನೋಡಬೇಕು.

ದಿನನಿತ್ಯದ ಕನ್ನಡದಲ್ಲೂ ಇದೇ ನಡೆದಿದೆ. ದರಿದ್ರ ಎಂದರೆ ಬಡವ. ಇಂದು ಹಾಳು ಮಳೆಗೂ ಕೆಟ್ಟ ರಸ್ತೆಗೂ ಬೇಡದ ನೆಂಟನಿಗೂ ಸಲ್ಲುವ ಬೈಗುಳ ಅದೇ. ಗ್ರಾಮ್ಯ ಎಂದರೆ ಹಳ್ಳಿಯದು. ಕಾವ್ಯಶಾಸ್ತ್ರಕ್ಕೆ ಹೋದಾಗ ಅದು ದೋಷದ ಹೆಸರಾಯಿತು. ಅದನ್ನೇ ಹಿಡಿದು ಇಂದಿಗೂ ಮೇಷ್ಟರುಗಳು ಕಲಬುರಗಿ ಕಡೆಯ ಮಕ್ಕಳ ಮಾತಿಗೆ ಗ್ರಾಮ್ಯವೆಂದು ಕೆಂಪು ಗೆರೆ ಎಳೆಯುತ್ತಾರೆ. ಮಗು ಮಾಡಿದ್ದು ತನ್ನ ತಾಯಿ ಆಡಿದಂತೆ ಆಡಿದ್ದಷ್ಟೇ.

ಸನ್ನತಿಯ ಬಂಡೆ ಹೇಳುವುದು

ಪದಗಳ ಈ ಅಧೋಗತಿಗೆ ಮದ್ದು ಹುಡುಕಲು ದೂರ ಹೋಗಬೇಕಿಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ ಸಾಕು. ಭೀಮಾ ತೀರದ ಈ ಊರಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಛಾವಣಿ 1980ರ ದಶಕದಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯನ್ನು ಆಮೇಲೆ ಪರೀಕ್ಷಿಸಿದಾಗ ಅದರ ಎರಡೂ ಮುಖಗಳಲ್ಲಿ ಬ್ರಾಹ್ಮಿ ಅಕ್ಷರಗಳು ಕಂಡವು. ವಿಗ್ರಹ ಕೂರಿಸಲು ನಡುವೆ ಕೊರೆದ ಚೌಕ ತೂತು ಹಲವು ಅಕ್ಷರಗಳನ್ನು ನುಂಗಿತ್ತು. ಉಳಿದದ್ದನ್ನು ಓದಿದಾಗ ಅದು ಅಶೋಕನ ಶಾಸನವೆಂದು ತಿಳಿಯಿತು: 12 ಮತ್ತು 14ನೆಯ ಬಂಡೆಶಾಸನಗಳು, ಜೊತೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು.

ಹನ್ನೆರಡನೆಯ ಶಾಸನದ ವಿಷಯವೇ ಮಾತಿನ ಹಿಡಿತ. ಸಂದರ್ಭವಿಲ್ಲದೆ ನಮ್ಮ ಪಂಥವನ್ನು ಹೊಗಳಬಾರದು, ಇತರರ ಪಂಥವನ್ನು ಹಳಿಯಬಾರದು, ಇನ್ನೊಬ್ಬರ ಧರ್ಮವನ್ನು ಗೌರವಿಸಿದರೆ ನಮ್ಮದೇ ಬೆಳೆಯುತ್ತದೆ ಎಂಬುದು ಅದರ ಸಾರ. ಪ್ರತ್ಯೇಕ ಶಾಸನಗಳಲ್ಲಿ ಅಶೋಕ ಎಲ್ಲ ಮನುಷ್ಯರನ್ನೂ ತನ್ನ ಮಕ್ಕಳೆನ್ನುತ್ತಾನೆ. ಮುಂದುವರಿದು ನ್ಯಾಯ ಕೊಡುವ ಅಧಿಕಾರಿಗಳು ತೊರೆಯಬೇಕಾದ ದೋಷಗಳನ್ನು ಎಣಿಸುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಆಲಸ್ಯ. ಆಲಸಿ ಎಂಬ ಗುಣವಾಚಕವನ್ನು ಅವನು ಪ್ರಜೆಗಳಿಗೆ ಹಚ್ಚುವುದಿಲ್ಲ. ಆಡಳಿತ ನಡೆಸುವವರೇ ಆ ದೋಷದಿಂದ ದೂರವಿರಬೇಕು ಎನ್ನುತ್ತಾನೆ. ಎರಡು ಸಾವಿರ ವರ್ಷಗಳಾಚೆ ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ನಮ್ಮದೇ ತಾಲೂಕಿನ ಕಲ್ಲಿನ ಮೇಲಿದೆ.

ಆ ಅಶೋಕನ ಬಿರುದಿಗೂ ಮೆಸ್ಕಿನೊದ ಗತಿಯೇ ಬಂತು. ಶಾಸನಗಳಲ್ಲಿ ಅವನು ದೇವಾನಾಂಪ್ರಿಯ, ದೇವತೆಗಳಿಗೆ ಪ್ರಿಯನಾದವನು. ಮುಂದೆ ಸಂಸ್ಕೃತ ವೈಯಾಕರಣರು ಆ ಪದಕ್ಕೆ ಕೊಟ್ಟ ಅರ್ಥ ಮೂರ್ಖ. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿ ಈ ಅರ್ಥ ನಿಯಮವಾಗಿಯೇ ಕೂತಿದೆ. ಚಕ್ರವರ್ತಿಯ ಬಿರುದನ್ನೇ ಹೀಗೆ ಕೆಡಿಸಬಹುದಾದರೆ, ಹೇಳಿಕೊಳ್ಳಲು ದನಿಯಿಲ್ಲದ ರೈತನ ಹೆಸರನ್ನು ಕೆಡಿಸುವುದು ಎಷ್ಟರ ಕೆಲಸ?

ಮಳಖೇಡದಲ್ಲಿ ಸಂಪತ್ತು ಎಂದರೇನು

ಸನ್ನತಿಯ ಮಾತು ಸುಮಾರು ಸಾವಿರದ ನೂರು ವರ್ಷಗಳ ನಂತರ ಇದೇ ಸೀಮೆಯಲ್ಲಿ ಕನ್ನಡದಲ್ಲಿ ಮರುಹುಟ್ಟು ಪಡೆಯಿತು. ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಂಡೆಯ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥ ಅದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವ ಶಕ್ತಿಯೇ ನಿಜವಾದ ಬಂಗಾರ ಎಂಬ ಭಾವದ ಪದ್ಯ ಅದರಲ್ಲಿದೆ. ಬಡವ ಯಾರು, ಸಿರಿವಂತ ಯಾರು ಎಂಬುದರ ಅಳತೆಗೋಲನ್ನೇ ಆ ಪದ್ಯ ಬದಲಿಸಿತು. ಅಲ್ಲಿ ಸಣ್ಣವನೆಂದರೆ ಮನಸ್ಸು ಸಣ್ಣದಾದವನು, ಚೀಲ ಸಣ್ಣದಾದವನಲ್ಲ.

ಆ ಅಳತೆಗೋಲಿಗೆ ಒಪ್ಪುವ ಮನುಷ್ಯನೊಬ್ಬ ಮುಂದಿನ ಶತಮಾನದಲ್ಲಿ ಮಾನ್ಯಖೇಟಕ್ಕೆ ಬಂದ. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತ. ಒಬ್ಬ ಅರಸನಿಂದ ಅವಮಾನ ಉಂಡು ಊರೂರು ಅಲೆದು, ಕೈಯಲ್ಲಿ ಏನೂ ಇಲ್ಲದೆ ನಗರದ ಹೊರಗಿನ ತೋಪಿನಲ್ಲಿ ಬಂದು ಬಿದ್ದುಕೊಂಡವನು. ನಗರಕ್ಕೆ ಬಾ ಎಂದು ಕರೆದವರಿಗೆ, ದುರ್ಜನರ ಮುಖ ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಸಾಯುವುದು ಮೇಲು ಎಂಬಂತೆ ಉತ್ತರ ಕೊಟ್ಟನು. ತನಗೆ ತಾನೇ ಇಟ್ಟುಕೊಂಡ ಬಿರುದು ಅಭಿಮಾನಮೇರು. ಬಡತನ ಸ್ವಾಭಿಮಾನವನ್ನು ಕೊಲ್ಲುವುದಿಲ್ಲ ಎಂಬುದಕ್ಕೆ ಅವನೇ ಸಾಕ್ಷಿ. ಮಂತ್ರಿ ಭರತ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡ. 959ರಲ್ಲಿ ತೊಡಗಿದ ಅವನ ಮಹಾಪುರಾಣ 965ರಲ್ಲಿ ಮುಗಿಯಿತು.

972ರಲ್ಲಿ ಮಾಳವದ ಪರಮಾರರು ಮಾನ್ಯಖೇಟವನ್ನು ಸೂರೆ ಮಾಡಿದರು. ಧಾರಾ ನಗರದಲ್ಲಿ ಧನಪಾಲನೆಂಬ ಪಂಡಿತ ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ನಿಘಂಟೊಂದನ್ನು ಬರೆದ. ‘ಪಾಇಯಲಚ್ಛೀ ನಾಮಮಾಲಾ’ ಎಂಬ ಆ ಕೋಶವನ್ನು ಬರೆದ ವರ್ಷವನ್ನು ಅವನು ಗುರುತಿಸುವುದೇ ಮಾನ್ಯಖೇಟದ ಲೂಟಿಯಿಂದ. ಇತ್ತ ಪುಷ್ಪದಂತನ ಹೆಸರಿನ ಒಂದು ಶ್ಲೋಕ ಸುಟ್ಟ ನಗರವನ್ನು ನೆನೆದು ಮರುಗುತ್ತದೆ: ದೀನರಿಗೂ ಅನಾಥರಿಗೂ ಸಂಪತ್ತಾಗಿದ್ದ ಈ ಊರು ಹೋಯಿತು, ಇನ್ನು ಕವಿ ಎಲ್ಲಿ ವಾಸ ಮಾಡಬೇಕು ಎಂದು. ಅರಮನೆ, ಆನೆ, ಭಂಡಾರಗಳನ್ನು ಮೊದಲು ಹೇಳದೆ, ಗತಿಯಿಲ್ಲದವರಿಗೆ ಗತಿಯಾಗಿದ್ದ ಊರು ಎಂಬ ವಿಶೇಷಣವನ್ನು ಆ ಶ್ಲೋಕ ಮೊದಲಿಗಿಟ್ಟಿದೆ. ಒಂದು ರಾಜಧಾನಿಗೆ ಇದಕ್ಕಿಂತ ದೊಡ್ಡ ಗುಣವಾಚಕ ಬೇರೆ ಯಾವುದಿದ್ದೀತು?

‘ಹಿಂದುಳಿದ’ ಎಂಬ ಹಣೆಪಟ್ಟಿ

ಇಂಥ ನೆಲಕ್ಕೆ ಇಂದು ಅಂಟಿರುವ ಗುಣವಾಚಕ ‘ಹಿಂದುಳಿದ’. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಮಾನದಂಡಗಳನ್ನಿಟ್ಟು ರಾಜ್ಯದ ಅಂದಿನ 175 ತಾಲೂಕುಗಳನ್ನು ಅಳೆಯಿತು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಮೊದಲ ಪಟ್ಟಿಯಲ್ಲಿದ್ದವು. ವಾಡಿ ಚಿತ್ತಾಪುರ ತಾಲೂಕಿನದೇ, ಶಹಾಬಾದ್ ಕೂಡ ಆಗ ಅದರ ಭಾಗ.

ನಂಜುಂಡಪ್ಪನವರು ಆ ಪದವನ್ನು ಬಳಸಿದ್ದು ಬೈಯಲಿಕ್ಕಲ್ಲ. ಯಾವ ತಾಲೂಕಿಗೆ ಸರ್ಕಾರ ಎಷ್ಟು ಬಾಕಿ ಇಟ್ಟುಕೊಂಡಿದೆ ಎಂದು ಲೆಕ್ಕ ತೆಗೆಯಲಿಕ್ಕೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಆ ಬಾಕಿ ತೀರಿಸಬೇಕೆಂದು ಅವರು ಶಿಫಾರಸು ಮಾಡಿದರು. ಆದರೆ ವರದಿಯ ಪುಟದಿಂದ ಹೊರಬಿದ್ದ ಪದ ಜನರ ಬಾಯಲ್ಲಿ ಬೇರೆಯಾಯಿತು. ತಾಲೂಕು ಹಿಂದುಳಿದದ್ದು ಹೋಗಿ ಮಂದಿ ಹಿಂದುಳಿದವರಾದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಬೆಂಗಳೂರಿನ ಕಚೇರಿಯ ವರ್ಗಾವಣೆಯ ಮಾತಿನಲ್ಲಿ, ಕೆಲಸ ಕೇಳಿ ಹೋದ ಹುಡುಗನ ಸಂದರ್ಶನದಲ್ಲಿ ಆ ಪದದ ಬಾಲಕ್ಕೆ ಇನ್ನಷ್ಟು ಪದಗಳು ಸೇರುತ್ತವೆ: ಸೋಮಾರಿ, ಅಸಡ್ಡೆ, ಆಸೆಯಿಲ್ಲದವರು. ಅರಬ್ಬಿಯಲ್ಲಿ ಹಕ್ಕಾಗಿದ್ದ ಮಿಸ್ಕೀನ್ ಸ್ಪೇನಿನಲ್ಲಿ ನೀಚಗುಣವಾದಂತೆ, ಸರ್ಕಾರದ ಸಾಲಪತ್ರದಲ್ಲಿರಬೇಕಿದ್ದ ಪದ ನಮ್ಮ ಮಕ್ಕಳ ಚಾರಿತ್ರ್ಯ ಪತ್ರಕ್ಕೆ ಬಂದು ಕೂತಿದೆ.

ಖರೆ ಏನೆಂದರೆ ಈ ನೆಲ ಕೈ ಬಿಗಿಹಿಡಿದದ್ದೇ ಇಲ್ಲ. ಸಿಕಂದರಾಬಾದಿನಿಂದ ನಿಜಾಮರ ರೈಲು 1874ರಲ್ಲಿ ವಾಡಿಗೆ ಬಂದು ಮುಂಬೈ ದಾರಿಗೆ ಸೇರಿತು. ಅಂದಿನಿಂದ ಇಲ್ಲಿಯ ಸರಕು ಹೊರಗೆ ಹೋಗುತ್ತಲೇ ಇದೆ. ಶಹಾಬಾದಿ ಫರಸಿ ಹಾಸಿದ ಮನೆ, ಶಾಲೆ, ರೈಲ್ವೆ ಪ್ಲಾಟ್‌ಫಾರ್ಮುಗಳು ದಖನ್ನಿನ ತುಂಬ ಇವೆ. ಶಹಾಬಾದ್, ವಾಡಿ, ಸೇಡಂ, ಮಳಖೇಡಗಳ ಸುಣ್ಣದಕಲ್ಲು ಸಿಮೆಂಟಾಗಿ ಹೋಗಿ ಊರೂರು ಕಟ್ಟಿತು. ಆ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಚಿಂಚೋಳಿಯ ತಾಂಡಾಗಳ ಮಂದಿಯೇ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದರು. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ಆ ತೊಗರಿ ಬೆಳೆಯುವ ಹೊಲದ ಕಾಗದಪತ್ರದಲ್ಲಿ ಇರುವುದೂ ಒಂದು ಪರ್ಷಿಯನ್ ಮೂಲದ ಗುಣವಾಚಕ: ಖುಷ್ಕಿ. ಒಣ ಎಂದರ್ಥ. ನೀರಾವರಿಯದಾದರೆ ತರಿ, ತೋಟವಾದರೆ ಬಾಗಾಯತು. ಖುಷ್ಕಿ ಎಂದು ಬರೆದ ಮಾತ್ರಕ್ಕೆ ಆ ಮಣ್ಣು ಸೋಮಾರಿ ಎಂದು ಯಾವ ತಲಾಠಿಯೂ ಹೇಳಿದ್ದಿಲ್ಲ. ಅಲ್ಲಿಗೆ ಕಾಲುವೆಯ ನೀರು ಬಂದಿಲ್ಲ ಎಂಬುದಷ್ಟೇ ಅದರ ಅರ್ಥ. ಹೊಲದ ವಿಷಯದಲ್ಲಿ ಇಷ್ಟು ನ್ಯಾಯವಾಗಿ ನಡೆದುಕೊಳ್ಳುವ ಭಾಷೆ ಹೊಲದವನ ವಿಷಯದಲ್ಲೂ ನಡೆದುಕೊಳ್ಳಬೇಕು. 1948ರವರೆಗೆ ಇಲ್ಲಿ ಸರ್ಕಾರದ ಭಾಷೆ ಉರ್ದು. ಕನ್ನಡ ಮಗು ತನ್ನದಲ್ಲದ ಭಾಷೆಯಲ್ಲಿ ಮೇಲಿನ ತರಗತಿ ಓದಬೇಕಿತ್ತು. ಕಲಬುರಗಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಸಂವಿಧಾನದಲ್ಲಿ ಸೇರಲು 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇವು ಕಾಲುವೆ ಬಾರದ ಲೆಕ್ಕಗಳು, ಮಣ್ಣಿನ ಗುಣದ ಲೆಕ್ಕಗಳಲ್ಲ.

ಗುಣವಾಚಕದೊಳಗಿನ ಕ್ರಿಯೆ

ಕನ್ನಡದ ಒಂದು ಸೊಗಸು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ನಮ್ಮ ಎಷ್ಟೋ ಗುಣವಾಚಕಗಳು ಕ್ರಿಯಾಪದದಿಂದಲೇ ಹುಟ್ಟಿದವು. ಬೆಂದ ಅನ್ನ, ಸುಟ್ಟ ರೊಟ್ಟಿ, ಹರಿದ ಅಂಗಿ. ಕ್ರಿಯೆ ಇದ್ದಲ್ಲಿ ಕರ್ತೃವಿನ ಪ್ರಶ್ನೆಯೂ ಇರುತ್ತದೆ. ‘ಹಿಂದುಳಿದ’ ಎಂಬುದರಲ್ಲಿ ಇರುವ ‘ಉಳಿ’ ಅಕರ್ಮಕ ಧಾತು: ತಾನೇ ನಿಂತ, ತಾನೇ ಉಳಿದ. ಬಿಟ್ಟು ಹೋದವರು ಯಾರೂ ಅದರಲ್ಲಿ ಕಾಣಿಸುವುದಿಲ್ಲ. ‘ಹಿಂದೆ ಬಿಟ್ಟ’ ಎಂದು ಹೇಳಿ ನೋಡಿ. ಕೂಡಲೇ ಬಿಟ್ಟವರು ಯಾರು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ‘ದಲಿತ’ ಎಂಬ ಪದದ ಬಲ ಇರುವುದೂ ಇಲ್ಲಿಯೇ. ಒಡೆಯಲ್ಪಟ್ಟವರು, ತುಳಿಯಲ್ಪಟ್ಟವರು ಎಂಬ ಆ ಪದದೊಳಗೆ ಒಂದು ಕ್ರಿಯೆಯಿದೆ. ಇತರರು ಕೊಟ್ಟ ಮರುಕದ ಹೆಸರುಗಳನ್ನು ಬಿಟ್ಟು ಆ ಸಮುದಾಯಗಳು ಇದನ್ನು ಎತ್ತಿಕೊಂಡವು. ತಮಗೆ ಆದದ್ದನ್ನು ತಮ್ಮ ಗುಣವೆಂದು ಒಪ್ಪಲು ಅವು ನಿರಾಕರಿಸಿದವು.

ಪದದ ಅರ್ಥ ಕೆಡುವುದು ಮಳೆ ಬಿದ್ದಂತೆ ತಾನಾಗಿ ಆಗುವುದಲ್ಲ. ಶಹಾಬಾದಿನಲ್ಲಿ ಮಿಸ್ಕೀನ್ ಕೆಡದೆ ಉಳಿದದ್ದು ಅವನಿಗೆ ತಟ್ಟೆ ಹಾಕಿದವರ ಬಾಯಲ್ಲಿ ಅದು ಬದುಕಿದ್ದರಿಂದ. ಹಾಗೆಯೇ ನಮ್ಮ ಸೀಮೆಯ ಹೆಸರಿನ ಅರ್ಥವೂ ಅದನ್ನು ಆಡುವವರ ಕೈಯಲ್ಲಿದೆ. ಪಾಠ ಮಾಡುವ ಮೇಷ್ಟರು ಮಗುವಿನ ಮಾತನ್ನು ಗ್ರಾಮ್ಯವೆಂದು ಗೀಚುವ ಬದಲು ಅದು ಕಲಬುರಗಿ ಕನ್ನಡವೆಂದು ಬರೆಯಲಿ. ವರದಿಗಾರರು ಫಲಿತಾಂಶದ ಕೊನೆಯ ಸ್ಥಾನದ ಜೊತೆಗೆ ಖಾಲಿ ಬಿದ್ದ ಶಿಕ್ಷಕ ಹುದ್ದೆಗಳ ಸಂಖ್ಯೆಯನ್ನೂ ಅದೇ ತಲೆಬರಹದಲ್ಲಿ ಕೊಡಲಿ. ಅಧಿಕಾರಿಗಳು ಹಿಂದುಳಿದ ಎಂದು ಬರೆದಲ್ಲೆಲ್ಲ ಯಾವ ಇಲಾಖೆ, ಯಾವ ವರ್ಷ, ಎಷ್ಟು ಹಣ ಕೊಡದೆ ಬಿಟ್ಟಿತು ಎಂಬ ಸಾಲು ಸೇರಿಸಲಿ. ಆಲಸ್ಯ ಆಳುವವರ ದೋಷ ಎಂದು ಸನ್ನತಿಯ ಶಾಸನ ಹೇಳಿಯಾಗಿದೆ, ಸಿರಿತನದ ನಿಜ ಅಳತೆಯನ್ನು ಮಳಖೇಡ ಕೊಟ್ಟಾಗಿದೆ. ಇನ್ನು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹೆಸರಿನ ಮುಂದೆ ಗುಣವಾಚಕ ಹಚ್ಚುವವರು ಮೊದಲು ಅವಕ್ಕೆ ಸಲ್ಲಬೇಕಾದ ಬಾಕಿಯನ್ನು ಬರೆಯಬೇಕು.